ಉದ್ದಗಾಲಿಯ ಅಷ್ಟೂ ಕಾಲು ಫೋಟೊದೊಳಗೆ ಬರಬೇಕು

ಆರಿದ್ರಾ ಮಳೆ ಹಿಡಿದು ನಾಲ್ಕು ದಿನವಾಗುತ್ತಿದ್ದಂತೆ ನಮ್ಮ ಬಚ್ಚಲುಮನೆ ಹಿಂದಿನ ಧರೆಯಲ್ಲಿ, ಅಂದರೆ ಕಡಿದ ಮಣ್ಣಿನ ಗೋಡೆಯಲ್ಲಿ, ಅವು ಕಾಣಿಸಿಕೊಳ್ಳುತ್ತವೆ. ಕಾಳುಮೆಣಸಿನಷ್ಟು ದಪ್ಪದ ಮೈ, ಅದನ್ನು ನಡುವೆ ತೊಟ್ಟಿಲಿನ ಹಾಗೆ ತೂಗುಹಾಕಿಕೊಂಡ ಎಂಟು ಸಪೂರ ಕಾಲು. ಚಾಚಿ ನಿಂತರೆ ನನ್ನ ಅಂಗೈ ಅಗಲಕ್ಕೆ ಬರುತ್ತದೆ. ಇಂಗ್ಲಿಷಿನವರು ಇದಕ್ಕೆ ಹಾರ್ವೆಸ್ಟ್‌ಮನ್ ಅನ್ನುತ್ತಾರೆ. ಅವರ ಕಡೆ ಕೊಯ್ಲಿನ ಹೊತ್ತಿಗೆ ಹೆಚ್ಚು ಕಾಣುವುದರಿಂದ ಆ ಹೆಸರು. ನಮ್ಮ ತೀರ್ಥಹಳ್ಳಿ ಸೀಮೆಯಲ್ಲಿ ಇವು ಧಾರಾಳವಾಗಿ ಕಾಣುವುದು ಗದ್ದೆ ನೆಟ್ಟಿ ನಡೆಯುವಾಗ, ಹಾಗಾಗಿ ನಾವು ಹೆಸರಿಡುವುದಾದರೆ ನೆಟ್ಟಿಯವನು ಎಂದೇ ಇಡಬೇಕು. ನನ್ನ ಮಗಳು ಚಿಕ್ಕವಳಿದ್ದಾಗ ಉದ್ದಗಾಲಿ ಅಂದಳು. ನಮ್ಮ ಮನೆಯಲ್ಲಿ ಅದೇ ನಿಂತುಹೋಯಿತು, ಇಲ್ಲೂ ಅದನ್ನೇ ಬರೆಯುತ್ತೇನೆ.

ಒಂಬತ್ತು ಮಳೆಗಾಲದಿಂದ ಇವುಗಳ ಹಿಂದೆ ಬಿದ್ದಿದ್ದೇನೆ. ಮೊದಲೆರಡು ವರ್ಷ ಮೊಬೈಲಿನಲ್ಲಿ ತೆಗೆದೆ. ಆಮೇಲೆ ಅಡಿಕೆ ಮಾರಿದ ದುಡ್ಡಿನಲ್ಲಿ ಒಂದು ಹಳೆ ಡಿಎಸ್‌ಎಲ್‌ಆರ್, ತೀರಾ ಹತ್ತಿರದಿಂದ ತೆಗೆಯಲು 100 ಎಂಎಂ ಮ್ಯಾಕ್ರೋ ಲೆನ್ಸ್ ಕೊಂಡೆ. ಚಿಟ್ಟೆ, ಹಕ್ಕಿ, ಕಪ್ಪೆಗಳ ಫೋಟೊ ತೆಗೆಯುವುದು ಹೇಗೆಂದು ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ಉದ್ದಗಾಲಿಯ ಬಗ್ಗೆ ಕನ್ನಡದಲ್ಲಿ ಕೇಳಿದರೆ "ಜೇಡ ಅಲ್ವಾ" ಎಂಬಲ್ಲಿಗೆ ಮಾತು ಮುಗಿಯುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಗುರುತು ಹಿಡಿಯುವುದು

ಇದು ಜೇಡ ಅಲ್ಲ. ಜೇಡ, ಚೇಳು, ಉಣುಗು (ಉಣ್ಣೆಹುಳ) ಇವುಗಳ ದೊಡ್ಡ ಕುಟುಂಬದ್ದೇ, ಆದರೆ ಬೇರೆ ಗುಂಪು. ಆ ಗುಂಪಿಗೆ ಒಪಿಲಿಯೋನ್ಸ್ ಎಂದು ಹೆಸರು ಬಂದದ್ದು 1833ರಲ್ಲಿ, ಇಟ್ಟವರು ಸ್ವೀಡನ್ನಿನ ಸುಂಡೆವಾಲ್. ಲ್ಯಾಟಿನ್ನಿನಲ್ಲಿ ಒಪಿಲಿಯೋ ಅಂದರೆ ಕುರಿ ಕಾಯುವವನು. ಜಗತ್ತಿನಲ್ಲಿ ಈವರೆಗೆ 6,500ಕ್ಕೂ ಹೆಚ್ಚು ಜಾತಿಗಳನ್ನು ಹೆಸರಿಸಿದ್ದಾರೆ.

ಜನ ಗೊಂದಲ ಮಾಡಿಕೊಳ್ಳುವುದು ಅಟ್ಟದ ಮೂಲೆಯಲ್ಲಿ ಬಲೆ ಕಟ್ಟಿ ತಲೆಕೆಳಗಾಗಿ ತೂಗುವ ಸಪೂರ ಜೇಡದ ಜೊತೆ. ಡ್ಯಾಡಿ ಲಾಂಗ್ ಲೆಗ್ಸ್ ಎಂಬ ಒಂದೇ ಹೆಸರಲ್ಲಿ ಎರಡನ್ನೂ ಕರೆಯುವುದರಿಂದ ಗೊಂದಲ ಇನ್ನೂ ಜಾಸ್ತಿ. ನೋಡಬೇಕಾದ್ದು ಸೊಂಟ. ಜೇಡಕ್ಕೆ ಮೈ ಎರಡು ಭಾಗ, ನಡುವೆ ಸೊಂಟ ಇರುತ್ತದೆ. ಉದ್ದಗಾಲಿಗೆ ಸೊಂಟವೇ ಇಲ್ಲ, ಮೈಯೆಲ್ಲ ಒಂದೇ ಕಾಳು. ಬಲೆಯಲ್ಲಿ ತೂಗುತ್ತಿದ್ದರೆ ಅದು ಜೇಡವೇ, ಯಾಕೆಂದರೆ ಉದ್ದಗಾಲಿಗೆ ನೂಲು ತೆಗೆಯುವ ಗ್ರಂಥಿಯೇ ಇಲ್ಲ. ವಿಷದ ಗ್ರಂಥಿಯೂ ಇಲ್ಲ. "ಇದರ ವಿಷ ಭಯಂಕರ, ಹಲ್ಲು ಚಿಕ್ಕದಾದ್ದರಿಂದ ಕಚ್ಚಲಾಗುವುದಿಲ್ಲ" ಎಂದು ಮೊಬೈಲಿನಲ್ಲಿ ತಿರುಗುವ ಮಾತು ಪೂರ್ತಿ ಸುಳ್ಳು. ಮಕ್ಕಳನ್ನು ಧೈರ್ಯವಾಗಿ ಪಕ್ಕದಲ್ಲಿ ಕೂರಿಸಿಕೊಳ್ಳಿ.

ಹಗಲಲ್ಲಿ ಹುಡುಕುವುದಾದರೆ ಮಬ್ಬು, ತೇವ, ಗಾಳಿ ಆಡದ ಜಾಗ ನೋಡಬೇಕು. ಧರೆಯ ಸಂದು, ಮೋರಿಯ ಒಳಮೈ, ಪಾಚಿ ಹತ್ತಿದ ಮರದ ಬುಡ, ಜರಿಗಿಡದ ಎಲೆಯಡಿ. ನಮ್ಮಲ್ಲಿ ತೋಟದ ಅಂಚಿನ ಸೊಪ್ಪಿನ ಬೆಟ್ಟದಲ್ಲೇ (ತೋಟಕ್ಕೆ ಸೊಪ್ಪು ತರುವ ಕಾಡು) ಹೆಚ್ಚು. ತೋಟದೊಳಗೆ ಅಡಿಕೆಯ ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಹೊಡೆದ ವಾರದಲ್ಲಿ ನಾನು ಹುಡುಕಲು ಹೋಗುವುದಿಲ್ಲ. ರಾತ್ರಿ ಏಳೂವರೆಯಿಂದ ಹತ್ತರ ತನಕ ಅವು ಓಡಾಡುವ ಹೊತ್ತು. ಮಳೆ ಜೋರಾಗಿ ಹೊಡೆದು ಒಂದು ಗಳಿಗೆ ಬಿಟ್ಟಾಗ, ಎಲೆಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿರುವಾಗ ಹೊರಟರೆ ಬರಿಗೈಯಲ್ಲಿ ಮರಳಿದ್ದು ನನಗೆ ನೆನಪಿಲ್ಲ. ನೆಲದ ಮೇಲಿನ ಕೆಲವು ಜೇಡಗಳ ಕಣ್ಣು ಟಾರ್ಚಿಗೆ ಫಳಕ್ಕೆಂದು ಹೊಳೆಯುತ್ತದಲ್ಲ, ಇವುಗಳ ಕಣ್ಣು ಹಾಗೆ ಹೊಳೆಯುವುದಿಲ್ಲ. ಟಾರ್ಚನ್ನು ಗೋಡೆಗೆ ಓರೆಯಾಗಿ ಹಿಡಿಯಿರಿ. ಮೈ ಕಾಣದಿದ್ದರೂ ಕಾಲಿನ ನೆರಳು ಗೋಡೆ ಮೇಲೆ ಉದ್ದಕ್ಕೆ ಬಿದ್ದು ತೋರಿಸಿಕೊಡುತ್ತದೆ.

ಕ್ಯಾಮೆರಾ ಚೀಲದಲ್ಲೇ ಇರಲಿ, ಹತ್ತು ನಿಮಿಷ

ಸಿಕ್ಕ ಕೂಡಲೇ ಫ್ಲ್ಯಾಶ್ ಹೊಡೆಯಬೇಡಿ. ಟಾರ್ಚಿಗೆ ಕೆಂಪು ಜಿಲೇಟಿನ್ ಹಾಳೆ ಸುತ್ತಿ, ಎರಡಡಿ ದೂರ ಕುಕ್ಕುರುಗಾಲಲ್ಲಿ ಕೂತು ನೋಡಿ. ಕೆಂಪು ಬೆಳಕಿಗೆ ಅವು ಅಷ್ಟಾಗಿ ಕದಲುವುದಿಲ್ಲ ಎಂಬುದು ನನ್ನ ಅನುಭವ.

ಮುಂದಿನಿಂದ ಎಣಿಸಿ ಎರಡನೆಯ ಜೊತೆ ಕಾಲನ್ನು ಗಮನಿಸಿ. ಎಲ್ಲಕ್ಕಿಂತ ಉದ್ದ ಅವೇ, ಆದರೆ ನಡೆಯಲು ಅವನ್ನು ಹೆಚ್ಚು ಬಳಸುವುದಿಲ್ಲ. ಉಳಿದ ಆರು ಕಾಲಿನಲ್ಲಿ ನಡೆದು, ಈ ಎರಡರಲ್ಲಿ ಮುಂದೆ ತಡವುತ್ತಾ ಹೋಗುತ್ತದೆ. ಕರೆಂಟು ಹೋದಾಗ ನಾವು ಗೋಡೆ ಸವರಿ ಸ್ವಿಚ್ಚು ಹುಡುಕುವ ಹಾಗೆ. ಕಣ್ಣೇನೋ ಎರಡಿವೆ, ಬೆನ್ನಿನ ಮುಂಭಾಗದಲ್ಲಿ ಒಂದು ಚಿಕ್ಕ ದಿಬ್ಬದ ಎಡಕ್ಕೊಂದು ಬಲಕ್ಕೊಂದು. ಅವಕ್ಕೆ ಬೆಳಕು ಕತ್ತಲೆ ತಿಳಿದರೆ ಹೆಚ್ಚು. ಮುಟ್ಟಿ ನೋಡುವುದು, ವಾಸನೆ ರುಚಿ ಹಿಡಿಯುವುದು, ದಾರಿ ಕಾಣುವುದು ಎಲ್ಲಾ ಆ ಎರಡು ಕಾಲಿನ ಕೆಲಸ. ಇದು ಗೊತ್ತಾದ ಮೇಲೆ ನಾನು ಫೋಟೊ ತೆಗೆಯುವ ರೀತಿಯೇ ಬದಲಾಯಿತು. ಕಾಲು ಕತ್ತರಿಸಿಹೋಗಿ ಮೈ ಮಾತ್ರ ದೊಡ್ಡದಾಗಿ ಕಾಣುವ ಫೋಟೊ ಎಷ್ಟು ಸ್ಪಷ್ಟವಾಗಿದ್ದರೂ ನನಗೀಗ ಅರ್ಧ ಅನ್ನಿಸುತ್ತದೆ.

ಹೋದ ಪುನರ್ವಸು ಮಳೆಯಲ್ಲಿ ಧರೆಯ ಮೇಲೊಂದು ತನ್ನ ಕಾಲು ಚೊಕ್ಕ ಮಾಡಿಕೊಳ್ಳುತ್ತಿತ್ತು. ಎಡಗಡೆಯ ಎರಡನೇ ಕಾಲನ್ನು ಬುಡದ ಹತ್ತಿರ ಬಾಯಿಯ ಚಿಮುಟದಲ್ಲಿ ಹಿಡಿದು, ಬುಡದಿಂದ ತುದಿವರೆಗೆ ನಿಧಾನವಾಗಿ ಎಳೆಯಿತು. ಹೂ ಕಟ್ಟುವ ಮೊದಲು ನಮ್ಮ ಅತ್ತೆ ಬಾಳೆನಾರನ್ನು ನೀರಲ್ಲಿ ಅದ್ದಿ ಎರಡು ಬೆರಳ ನಡುವೆ ಎಳೆಯುತ್ತಾರಲ್ಲ, ಥೇಟ್ ಅದೇ. ಕಾಲು ಬಿಲ್ಲಿನ ಹಾಗೆ ಬಾಗುತ್ತಾ ಬಾಗುತ್ತಾ ಹೋಗಿ ಕಡೆಗೆ ಉಂಗುರದಂತೆ ಸುತ್ತಿಕೊಂಡಿತು. ತುದಿ ಬಾಯಿಂದ ಜಾರಿದ್ದೇ ಟಣ್ಣನೆ ಚಿಮ್ಮಿ ನೆಟ್ಟಗಾಯಿತು, ಅದರಲ್ಲಿದ್ದ ಒಂದು ಸಣ್ಣ ನೀರಹನಿ ನನ್ನ ಕನ್ನಡಕಕ್ಕೆ ಬಿತ್ತು. ಆಮೇಲೆ ಬಲಗಡೆಯದು. ಹಿಂದೆ ನಿಂತು ನೋಡುತ್ತಿದ್ದ ಅತ್ತೆ "ಎಂತ ಮಾರಾಯ್ತಿ, ಇದು ನನಗಿಂತ ಚಂದ ನಾರು ಎಳೆಯುತ್ತೆ" ಅಂದರು. ಹತ್ತು ನಿಮಿಷ ಸುಮ್ಮನೆ ಕೂತಿರದಿದ್ದರೆ ಇದು ನಮಗಿಬ್ಬರಿಗೂ ಕಾಣುತ್ತಿರಲಿಲ್ಲ.

ತಿನ್ನುವಾಗಲೂ ನೋಡಲು ಸಿಗುತ್ತದೆ. ಜೇಡ ಬೇಟೆಯನ್ನು ಕರಗಿಸಿ ಹೀರುತ್ತದೆ. ಉದ್ದಗಾಲಿ ತುಂಡು ತುಂಡಾಗಿ ಕಚ್ಚಿ ತಿನ್ನುತ್ತದೆ. ಸತ್ತ ಹುಳ, ಅಣಬೆ, ಕೊಳೆತ ಹಣ್ಣು, ಹಕ್ಕಿಯ ಹಿಕ್ಕೆ ಯಾವುದೂ ಆದೀತು. ಮೊದಲ ಮಳೆಗೆ ರೆಕ್ಕೆ ಗೆದ್ದಲು ಏಳುವ ಸಂಜೆ ದೀಪದ ಕೆಳಗೆ ಉದುರಿ ಬಿದ್ದವನ್ನು ಬಾಯಲ್ಲಿ ಕಚ್ಚಿಕೊಂಡು ಹೋಗುವ ಉದ್ದಗಾಲಿಯ ಫೋಟೊ ನನ್ನಲ್ಲಿ ಮೂರಿವೆ. ಪೊರೆ ಬಿಡುವುದು ಸಿಕ್ಕರಂತೂ ಬೇರೆ ಎಲ್ಲ ಬಿಟ್ಟು ಅದನ್ನೇ ನೋಡಿ. ಎಲೆಯಡಿ ತಲೆಕೆಳಗಾಗಿ ತೂಗುಬಿದ್ದು ಹಳೆ ಪೊರೆಯೊಳಗಿಂದ ಆ ಉದ್ದದ ಕಾಲುಗಳನ್ನು ಎಳೆದುಕೊಳ್ಳುತ್ತದೆ. ಆಗ ಎಲೆ ಅಲುಗಿಸಬಾರದು, ಉಸಿರೂ ತಾಗಿಸಬಾರದು.

ಕಾಲಿನ ವಿಷಯದಲ್ಲಿ ನನ್ನಿಂದಾದ ತಪ್ಪು

ಎರಡನೇ ವರ್ಷ ಒಂದು ಚಂದದ ಉದ್ದಗಾಲಿ ಸಿಕ್ಕಿತ್ತು, ಬೆನ್ನ ಮೇಲೆ ಒಂಟಿ ಮುಳ್ಳು ನೆಟ್ಟಗೆ ನಿಂತಿದ್ದು. ಒಂದು ಕಾಲು ಜರಿಗಿಡದ ಹಿಂದೆ ಮರೆಯಾಗಿತ್ತು. ಫೋಟೊ ಸರಿಯಾಗಲಿ ಎಂದು ಒಂದು ಕಡ್ಡಿಯಿಂದ ಆ ಕಾಲನ್ನು ಮುಂದಕ್ಕೆ ಸರಿಸಲು ಹೋದೆ. ಕಾಲು ಬುಡದಲ್ಲೇ ಕಳಚಿ ಬಿತ್ತು, ಪ್ರಾಣಿ ಓಡಿಹೋಯಿತು. ಬಿದ್ದ ಕಾಲು ಎಲೆಯ ಮೇಲೆ ಮಿಡಿಯುತ್ತಲೇ ಇತ್ತು, ಎಷ್ಟೋ ಹೊತ್ತು. ವೈರಿಯ ಗಮನ ಆ ಮಿಡಿಯುವ ಕಾಲಿನ ಮೇಲೆ ಬೀಳಲಿ, ಅಷ್ಟರಲ್ಲಿ ತಾನು ತಪ್ಪಿಸಿಕೊಳ್ಳೋಣ ಎಂಬ ಉಪಾಯ ಅದು. ಈ ಉದ್ದಕಾಲಿನ ಬಗೆಗಳಿಗೆ ಮೊಣಕಾಲಿನ ಕೆಳಭಾಗದಲ್ಲೂ ಉಸಿರಿನ ರಂಧ್ರಗಳಿರುತ್ತವೆ, ಅದರಿಂದಲೇ ಕಳಚಿದ ಮೇಲೂ ಕಾಲು ಅಷ್ಟು ಹೊತ್ತು ಆಡುತ್ತದೆ.

ಆಮೇಲೆ ಓದಿ ತಿಳಿದದ್ದು ಏನೆಂದರೆ, ಉದ್ದಗಾಲಿಯ ಕಾಲು ಒಮ್ಮೆ ಹೋದರೆ ಹೋಯಿತು, ಮತ್ತೆ ಬೆಳೆಯುವುದಿಲ್ಲ. ಎಳೆ ಜೇಡಕ್ಕೆ ಪೊರೆ ಬಿಡುವಾಗ ಹೋದ ಕಾಲು ಮತ್ತೆ ಬರುವುದುಂಟು, ಇದಕ್ಕೆ ಆ ಭಾಗ್ಯವಿಲ್ಲ. ನನ್ನ ಒಂದು ಫೋಟೊಗೆ ಅದು ಜೀವಮಾನಪೂರ್ತಿ ಒಂದು ಕಾಲು ಕೊಟ್ಟಿತು. ಆವತ್ತಿನಿಂದ ನಾನು ಯಾವುದರ ಕಾಲನ್ನೂ ಮುಟ್ಟಿಲ್ಲ. ಎಲೆ ಅಡ್ಡ ಬಂದರೆ, ಬಟ್ಟೆ ಒಣಗಿಸುವ ಕ್ಲಿಪ್ಪಿನಲ್ಲಿ ಆ ಎಲೆಯನ್ನು ಹಿಂದಕ್ಕೆ ಹಿಡಿದು, ಕೆಲಸವಾದ ಮೇಲೆ ಬಿಡುತ್ತೇನೆ. ಚೀಲದಲ್ಲಿ ಎರಡು ಕ್ಲಿಪ್ ಯಾವಾಗಲೂ ಇರುತ್ತವೆ. ಡಬ್ಬಿಯಲ್ಲಿ ಹಿಡಿದು ಮನೆಗೆ ತಂದು ಫೋಟೊ ತೆಗೆಯುವುದೂ ಬೇಡ. ಹೆದರಿದರೆ ಮೈಯ ಅಂಚಿನ ಎರಡು ರಂಧ್ರಗಳಿಂದ ಘಾಟು ಬಿಡುತ್ತವೆ, ಮುಚ್ಚಿದ ಡಬ್ಬಿಯಲ್ಲಿ ಆ ಘಾಟು ಅವಕ್ಕೇ ಒಳ್ಳೆಯದಲ್ಲ. ಮಳೆಯ ತೇವ ಬಿಟ್ಟರೆ ಬೇಗ ಒಣಗಿಯೂ ಹೋಗುತ್ತವೆ.

ಗುಂಪು ಸಿಕ್ಕರೆ

ತೋಟಕ್ಕೆ ಇಳಿಯುವ ದಾರಿಯ ಮೋರಿಯೊಳಗೆ ಪ್ರತಿ ವರ್ಷ ಒಂದು ಗುಂಪು ಸೇರುತ್ತದೆ. ಒಮ್ಮೆ ನಲವತ್ತರ ತನಕ ಎಣಿಸಿ ಬಿಟ್ಟೆ, ಕಾಲಿಗೆ ಕಾಲು ಹೆಣೆದುಕೊಂಡು ಯಾವುದು ಯಾರದ್ದೆಂದೇ ತಿಳಿಯುತ್ತಿರಲಿಲ್ಲ. ನನ್ನ ಉಸಿರು ತಾಗಿದ್ದೇ ಒಂದು ಮೈಯನ್ನು ಮೇಲೆ ಕೆಳಗೆ ಜೀಕತೊಡಗಿತು, ಅದನ್ನು ನೋಡಿ ಪಕ್ಕದ್ದು, ಕ್ಷಣದಲ್ಲಿ ಇಡೀ ಗೋಡೆ ತೂಗತೊಡಗಿತು. ನೋಡಿ ಎಂದು ಬರೆದೆ, ಕಾಲಿನ ಮೂಲಕ ತಿಳಿದು ಎನ್ನುವುದು ಸರಿ. ಇಂಥಲ್ಲಿ ವಿಡಿಯೊ ಮಾಡಿ, ಫೋಟೊದಲ್ಲಿ ಅದು ಹಿಡಿಯುವುದಿಲ್ಲ. ಬಾಯಿಗೆ ಟವೆಲ್ ಕಟ್ಟಿಕೊಂಡು ಪಕ್ಕದಿಂದ ನಿಧಾನವಾಗಿ ಹೋದರೆ ಜೀಕುವುದು ಬೇಗ ನಿಲ್ಲುತ್ತದೆ.

ಫೋಟೊ

ಕಷ್ಟ ಎಲ್ಲಿದೆ ಅಂದರೆ, ಮೈ ಐದಾರು ಮಿಲಿಮೀಟರ್, ಕಾಲು ಹತ್ತು ಹನ್ನೆರಡು ಸೆಂಟಿಮೀಟರ್ ಅಗಲಕ್ಕೆ ಹರಡಿದೆ. ಎರಡನ್ನೂ ಒಂದೇ ಫೋಟೊದಲ್ಲಿ ಸ್ಪಷ್ಟವಾಗಿ ತರುವುದು ಹೇಗೆ? ಉತ್ತರ ಜಾಗದಲ್ಲಿದೆ. ಎಲೆಯಿಂದ ಎಲೆಗೆ ಕಾಲು ಹಾಕಿ ನಿಂತದ್ದನ್ನು ಬಿಟ್ಟು, ಗೋಡೆಗೋ ಧರೆಗೋ ಮರದ ಕಾಂಡಕ್ಕೋ ಅಪ್ಪಿಕೊಂಡದ್ದನ್ನು ಆರಿಸಿಕೊಳ್ಳಿ. ಆಗ ಅಷ್ಟೂ ಕಾಲು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತವೆ. ಲೆನ್ಸನ್ನು ಆ ಗೋಡೆಗೆ ನೇರ ಹಿಡಿಯಿರಿ, ಓರೆ ಬೇಡ. ಓರೆಯಾದರೆ ಒಂದು ಬದಿಯ ಕಾಲು ಮಂಜಾಗಿ ಹೋಗುತ್ತದೆ.

ಕ್ಯಾಮೆರಾದಲ್ಲಿ ನಾನು ಇಡುವ ಲೆಕ್ಕ ಇದು: ಎಫ್ 11 (ಲೆನ್ಸಿನ ಕಿಂಡಿಯ ಅಳತೆ, ಸಂಖ್ಯೆ ಏರಿದಷ್ಟೂ ಕಿಂಡಿ ಕಿರಿದು), ಶಟರ್ 1/160, ಐಎಸ್‌ಒ 200, ಫ್ಲ್ಯಾಶ್ ಮ್ಯಾನುಯಲ್‌ನಲ್ಲಿ 1/8. ಇಡೀ ಪ್ರಾಣಿಯನ್ನು ಸೆನ್ಸರಿನ ಮೇಲೆ ನಿಜ ಗಾತ್ರದ ನಾಲ್ಕನೇ ಒಂದು ಭಾಗಕ್ಕೆ ತೆಗೆದರೆ ಎಫ್ 11ರಲ್ಲಿ ಎಂಟು ಒಂಬತ್ತು ಮಿಲಿಮೀಟರ್ ಆಳ ಸ್ಪಷ್ಟ ಬರುತ್ತದೆ. ಅದೇ ಮೈ ಹತ್ತಿರಕ್ಕೆ ಹೋಗಿ ನಿಜ ಗಾತ್ರಕ್ಕೇ ತೆಗೆದರೆ ಒಂದು ಮಿಲಿಮೀಟರೂ ಸಿಗುವುದಿಲ್ಲ. ಆಗ ಫೋಕಸ್ ಕಣ್ಣಿನ ದಿಬ್ಬದ ಮೇಲೆ ಇರಲಿ, ಉಳಿದದ್ದು ಹೋದರೆ ಹೋಗಲಿ. ಎಫ್ 22ಕ್ಕೆ ಏರಿಸಿದರೆ ಎಲ್ಲಾ ಸರಿಹೋಗುತ್ತದೆ ಅಂದುಕೊಳ್ಳಬೇಡಿ, ಬೆಳಕು ಚದುರಿ ಇಡೀ ಫೋಟೊ ಮೊಂಡಾಗುತ್ತದೆ. ಹಲವು ಫೋಟೊ ಪೇರಿಸಿ ಒಂದು ಮಾಡುವ ವಿಧಾನ ಇದಕ್ಕೆ ಒಗ್ಗುವುದಿಲ್ಲ, ಎರಡನೇ ಜೊತೆ ಕಾಲು ಒಂದು ಕ್ಷಣವೂ ಸುಮ್ಮನಿರುವುದಿಲ್ಲ.

ಇವುಗಳ ಬೆನ್ನು ಗಟ್ಟಿ, ಹೊಳಪು. ಬರೀ ಫ್ಲ್ಯಾಶ್ ಹೊಡೆದರೆ ಬೆನ್ನ ಮೇಲೆ ಬಿಳಿ ಚುಕ್ಕೆ ಕೂರುತ್ತದೆ. ಸ್ವೀಟ್ ಅಂಗಡಿಯ ಹಾಲುಬಿಳುಪಿನ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳದ ಒಳಗೆ ಎರಡು ಪದರ ಬಟರ್ ಪೇಪರ್ ಅಂಟಿಸಿ, ಲೆನ್ಸಿನ ಮೇಲೆ ಚಜ್ಜದಂತೆ ಬಾಗಿಸಿ ರಬ್ಬರ್ ಬ್ಯಾಂಡ್ ಹಾಕಿದ್ದೇನೆ. ಐದು ವರ್ಷದಿಂದ ಅದೇ ನಡೆಯುತ್ತಿದೆ. ಬೆಳಕು ಪ್ರಾಣಿಗೆ ಹತ್ತಿರ ಮತ್ತು ಅಗಲ ಆದಷ್ಟೂ ನೆರಳು ಮೆದು.

ರಾತ್ರಿ ಇನ್ನೊಂದು ತಾಪತ್ರಯ. ಹಿಂದೆ ಏನೂ ಇಲ್ಲದಿದ್ದರೆ ಹಿನ್ನೆಲೆ ಪೂರ್ತಿ ಕಪ್ಪಾಗುತ್ತದೆ, ಕಪ್ಪು ಕಾಲು ಅದರಲ್ಲಿ ಮುಳುಗಿ ಮೈ ಒಂದೇ ಗಾಳಿಯಲ್ಲಿ ತೇಲುವಂತೆ ಕಾಣುತ್ತದೆ. ಅದಕ್ಕೆ ಒಂದು ದೊಡ್ಡ ಕೆಸುವಿನ ಎಲೆ ಕಿತ್ತುಕೊಳ್ಳಿ. ಜೊತೆಗಿದ್ದವರ ಹತ್ತಿರ ಅದನ್ನು ಪ್ರಾಣಿಯ ಹಿಂದೆ ಅರ್ಧ ಅಡಿ ದೂರದಲ್ಲಿ ಹಿಡಿಸಿ. ಫ್ಲ್ಯಾಶಿನ ಬೆಳಕು ಎಲೆಗೂ ಬಿದ್ದು ತಿಳಿ ಹಸಿರು ಬರುತ್ತದೆ, ಒಂದೊಂದು ಕಾಲೂ ಗೆರೆ ಎಳೆದಂತೆ ಬಿಡಿಯಾಗಿ ಕಾಣುತ್ತದೆ.

ಮೊಬೈಲಿನವರು ನೂರಿನ್ನೂರು ರೂಪಾಯಿಯ ಕ್ಲಿಪ್ ಲೆನ್ಸ್ ಹಾಕಿಕೊಳ್ಳುವ ಮೊದಲು ಬರೀ ಫೋನಿನಲ್ಲೇ ತೆಗೆದು ನೋಡಿ. ಇಡೀ ಪ್ರಾಣಿಗೆ ಅಷ್ಟೇ ಸಾಕು. ಫೋನಿನ ಫ್ಲ್ಯಾಶ್ ಬೇಡ. ಇನ್ನೊಬ್ಬರು ಪಕ್ಕದಿಂದ ಟಾರ್ಚು ಹಿಡಿಯಲಿ, ಅದರ ಮುಂದೆ ಒಂದು ಟಿಶ್ಯೂ ಕಾಗದ ಇರಲಿ.

ಮೊದಲ ಫೋಟೊ ಬೆನ್ನಿನ ಕಡೆಯಿಂದ, ಅಷ್ಟೂ ಕಾಲು ಬರುವಂತೆ. ಆಮೇಲೆ ಪಕ್ಕದಿಂದ ಒಂದು, ಅದರಲ್ಲಿ ಬೆನ್ನಿನ ಮುಳ್ಳು ಮತ್ತು ಕಣ್ಣಿನ ದಿಬ್ಬ ಕಾಣಬೇಕು. ನಮ್ಮ ಘಟ್ಟದ ಉದ್ದಕಾಲಿನವುಗಳಲ್ಲಿ ಹೆಚ್ಚಿನವು ಗ್ಯಾಗ್ರೆಲಿನೇ ಎಂಬ ಉಪಕುಟುಂಬದವು. ಆ ಮುಳ್ಳು ಇದೆಯೇ, ಎಷ್ಟಿದೆ ಎನ್ನುವುದು ತಿಳಿದವರು ಮೊದಲು ಕೇಳುವ ಪ್ರಶ್ನೆ. ಮುಂದಿನಿಂದ ಬಾಯಿ ಪಕ್ಕದ ಮೋಟು ಕೈಗಳದ್ದು ಒಂದು. ಹೊಟ್ಟೆಯ ಕಡೆಯದ್ದು ತಾನಾಗಿ ಗಾಜಿನ ಕಿಟಕಿ ಹತ್ತಿದ ದಿನ ಮಾತ್ರ ಸಿಗುತ್ತದೆ. ಕಾಲಿಗೋ ಮೈಗೋ ಕೆಂಪು ನುಸಿ ಅಂಟಿದ್ದರೆ ಅದನ್ನೂ ತೆಗೆಯಿರಿ, ಅವು ರಕ್ತ ಹೀರುವ ಮರಿನುಸಿಗಳು. ಕಡೆಯಲ್ಲಿ ಪ್ರಾಣಿ ಹೋದ ಮೇಲೆ ಅದು ನಿಂತಿದ್ದ ಜಾಗದಲ್ಲಿ ಮಕ್ಕಳ ಗ್ರಾಫ್ ಹಾಳೆಯ ಒಂದು ಚೂರು ಇಟ್ಟು ಅಷ್ಟೇ ದೂರದಿಂದ ಒಂದು ಫೋಟೊ. ಅಳತೆ ಇದರಲ್ಲೇ ಸಿಕ್ಕಿಬಿಡುತ್ತದೆ.

ಗಿಡ್ಡಕಾಲಿನ ಬಗೆಗಳೂ ಇವೆ. ದರಗಿನಡಿ (ಉದುರಿದ ಒಣ ಎಲೆಯಡಿ), ಕೊಳೆತ ಮರದ ತುಂಡಿನಡಿ ಇರುವವು. ಗಿಡ್ಡ ಗಟ್ಟಿ ಕಾಲು, ಮುಂದೆ ಮುಳ್ಳುಮುಳ್ಳಿನ ಹಿಡಿಕೈ. ಮುಟ್ಟಿದರೆ ಸತ್ತಂತೆ ಬಿದ್ದುಕೊಳ್ಳುತ್ತವೆ, ಅಲ್ಲಾಡದ್ದರಿಂದ ಫೋಟೊಗೆ ಸುಲಭ. ಮರದ ತುಂಡನ್ನು ನಿಮ್ಮ ಕಡೆಗೆ ಉರುಳಿಸಿ ಎತ್ತಿ, ಅಡಿಯಲ್ಲಿ ಹಾವಿದ್ದರೆ ಆಚೆ ಹೋಗಲು ದಾರಿ ಇರುತ್ತದೆ. ನೋಡಿದ ಮೇಲೆ ತುಂಡು ಮೊದಲಿದ್ದ ಹಾಗೇ, ಅದೇ ಗುರುತಿಗೆ ಕೂರಬೇಕು. ಇವನ್ನೆಲ್ಲ ನಿಮ್ಮ ಜಾಗದಲ್ಲೋ ರಸ್ತೆ ಬದಿಯಲ್ಲೋ ಮಾಡಿ, ಕುದುರೆಮುಖದಂಥ ರಾಷ್ಟ್ರೀಯ ಉದ್ಯಾನದೊಳಗೆ ಅರಣ್ಯ ಇಲಾಖೆಯ ಅನುಮತಿ ಬೇಕು.

ನಿಮ್ಮ ಮೈ ನೋಡಿಕೊಳ್ಳಿ

ಉಂಬಳಕ್ಕೆ (ಜಿಗಣೆ) ಉದ್ದ ಕಾಲುಚೀಲ, ಅದರ ಮೇಲೆ ಉಪ್ಪು ಅಥವಾ ಸುಣ್ಣ. ಸೊಳ್ಳೆ ಓಡಿಸುವ ಕ್ರೀಮು ಬೆರಳಿಗೆ ಹಚ್ಚಿದ್ದರೆ ಕ್ಯಾಮೆರಾ ಮುಟ್ಟುವ ಮೊದಲು ಒರೆಸಿ. ಡೀಟ್ ಎಂಬ ರಾಸಾಯನಿಕ ಇರುವ ಕ್ರೀಮು ಪ್ಲಾಸ್ಟಿಕ್ಕನ್ನು ತಿನ್ನುತ್ತದೆ, ನನ್ನ ಲೆನ್ಸ್ ಮುಚ್ಚಳದ ಮೇಲೆ ಹೆಬ್ಬೆಟ್ಟಿನ ಗುರುತು ಹಾಗೇ ಕೂತಿದೆ. ಇವಕ್ಕಿಂತ ಮುಖ್ಯವಾದದ್ದು ಉಣುಗು. ಉಣುಗಿನಿಂದ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಗೊತ್ತಾದದ್ದು ನಮ್ಮ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಡಿಸೆಂಬರಿನಿಂದ ಮೇ ತನಕ ದರಗಿನ ಮೇಲೆ ಮೊಣಕಾಲೂರಿ ಕೂರುವ ಕೆಲಸವನ್ನು ನಾನು ಮಾಡುವುದೇ ಇಲ್ಲ. ಅನಿವಾರ್ಯವಾದರೆ ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆ ಹಚ್ಚಿ, ಬಂದ ಕೂಡಲೇ ಬಿಸಿನೀರಲ್ಲಿ ಮಿಂದು ಬಟ್ಟೆ ನೆನೆಸಿಬಿಡಿ.

ಕ್ಯಾಮೆರಾವನ್ನು ಒರೆಸಿ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಮಲೆನಾಡಿನ ಮಳೆಗಾಲದಲ್ಲಿ ಒಂದು ತಿಂಗಳು ಮರೆತರೆ ಲೆನ್ಸಿನೊಳಗೆ ಬೂಸ್ಟು ಬರುತ್ತದೆ. ನೀಲಿ ಜೆಲ್ ಗುಲಾಬಿಯಾದಾಗ ಬೇರೆಯೇ ಇಟ್ಟ ಹಳೆ ಬಾಣಲೆಯಲ್ಲಿ ಸಣ್ಣ ಉರಿಗೆ ಬಿಸಿ ಮಾಡಿ, ಮತ್ತೆ ನೀಲಿಯಾಗುತ್ತದೆ.

ಬರೆದಿಡುವುದು

ಫೋಟೊದ ಜೊತೆ ನಾಲ್ಕು ಸಾಲು ಇಲ್ಲದಿದ್ದರೆ ಅರ್ಧ ಬೆಲೆ ಹೋಯಿತು. ನಮ್ಮ ದೇಶದ ಉದ್ದಗಾಲಿಗಳ ಹೆಸರುಗಳಲ್ಲಿ ಬಹಳಷ್ಟು ಜರ್ಮನಿಯ ರೋವರ್ ಎಂಬ ವಿದ್ವಾಂಸರು ಕಳೆದ ಶತಮಾನದ ಮೊದಲರ್ಧದಲ್ಲಿ ಸಂಗ್ರಹಾಲಯಕ್ಕೆ ಬಂದ ಸತ್ತ ಮಾದರಿಗಳನ್ನು ನೋಡಿ ಇಟ್ಟವು. ಬದುಕಿರುವ ಪ್ರಾಣಿ ಎಲ್ಲಿರುತ್ತದೆ, ಏನು ತಿನ್ನುತ್ತದೆ, ಯಾವ ಮಳೆಯಲ್ಲಿ ಮರಿ ಕಾಣುತ್ತದೆ ಎನ್ನುವುದನ್ನು ಹೇಳಲು ಇಲ್ಲೇ ಇರುವವರು ಬೇಕು. ಲಾವೋಸಿನಲ್ಲಿ 2012ರಲ್ಲಿ ಕಾಲಿನಿಂದ ಕಾಲಿಗೆ 33 ಸೆಂಟಿಮೀಟರಿಗೂ ಅಗಲವಾದದ್ದು ಸಿಕ್ಕಿತು, ಸಿಕ್ಕಿದಾಗ ಅದಕ್ಕೆ ಜಾತಿಯ ಹೆಸರು ಹೇಳಲಾಗಲಿಲ್ಲ. ಫೋಟೊವನ್ನು ಜೀವಿಗಳ ವಿವರ ಸೇರಿಸುವ ಜಾಲತಾಣಗಳಾದ ಐನ್ಯಾಚುರಲಿಸ್ಟ್‌ನಲ್ಲೋ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ನಲ್ಲೋ ಹಾಕಿ. ಹೆಚ್ಚಿನವಕ್ಕೆ ಕುಟುಂಬದ ಹೆಸರಿಗಿಂತ ಆಚೆ ಸಿಗುವುದಿಲ್ಲ, ಅದಕ್ಕೆ ಬೇಸರ ಬೇಡ, ಊಹಿಸಿ ಹೆಸರು ಹಾಕುವುದೂ ಬೇಡ. ನಾನು ಬರೆಯುವುದು ಹೀಗೆ:

ಆಶ್ಲೇಷ ಮಳೆ, ಆಗಸ್ಟ್ 9. ರಾತ್ರಿ 8.40. ಬಚ್ಚಲ ಹಿಂದಿನ ಧರೆ, ನೆಲದಿಂದ ಮೊಣಕಾಲೆತ್ತರ, ಪಾಚಿ ಮೇಲೆ. ಮಳೆ ಬಿಟ್ಟು ಹತ್ತು ನಿಮಿಷ. ಮೈ ಕಪ್ಪು, ಬೆನ್ನಲ್ಲಿ ಒಂದು ಮುಳ್ಳು. ಮೈ 5 ಮಿಮೀ. ಕಾಲು ಏಳು, ಬಲಗಡೆಯ ನಾಲ್ಕನೆಯದಿಲ್ಲ. ಎಡಗಡೆ ಮೂರನೆಯದರಲ್ಲಿ ಎರಡು ಕೆಂಪು ನುಸಿ. ಸತ್ತ ಸೊಳ್ಳೆ ತಿನ್ನುತ್ತಿತ್ತು. ಜುಲೈ 28ಕ್ಕೆ ಇದೇ ಜಾಗದಲ್ಲಿ ಕಂಡ ಏಳು ಕಾಲಿನದೇ ಇರಬೇಕು, ಹಳೆ ಫೋಟೊ ಜೊತೆ ಹೋಲಿಸುವುದು. ಆಗ ನುಸಿ ಇರಲಿಲ್ಲ.